ಶುಗರ್ ಇರುವವರ ಒಣಗಣ್ಣಿಗೆ ಕರೆಂಟ್ ಸೂಜಿ: ಹೋಗುವ ಮುಂಚೆ, ಹೋದಾಗ, ಬಂದ ಮೇಲೆ

ಹನ್ನೆರಡು ವರ್ಷದಿಂದ ನನಗೆ ಶುಗರ್ ಇದೆ. ಎರಡು ವರ್ಷದ ಹಿಂದೆ ಡಿಸೆಂಬರ್ ಚಳಿಯಲ್ಲಿ, ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ಎರಡೂ ಕಣ್ಣಲ್ಲಿ ನೀರು ಸುರಿಯತೊಡಗಿತು. ಕಿಟಕಿ ಗಾಳಿ, ರಸ್ತೆ ಧೂಳು ಅಂದುಕೊಂಡೆ. ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನಾದೆ. ಮೂರು ತಿಂಗಳು ಹೀಗೇ ಹೋಯಿತು. ಕೊನೆಗೆ ಕಣ್ಣಿನ ಡಾಕ್ಟರು ನೋಡಿ, "ನಿಮ್ಮ ಕಣ್ಣು ಒಣಗಿದೆ ಅಮ್ಮ" ಅಂದರು.

"ಇಷ್ಟು ನೀರು ಬರ್ತಿದೆಯಲ್ಲ ಮೇಡಂ?" ಅಂತ ಕೇಳಿದೆ.

"ಒಣಗಿರೋದಕ್ಕೇ ನೀರು ಬರ್ತಿರೋದು" ಅಂದರು.

ಆಮೇಲೆ ಡ್ರಾಪ್ಸ್ ಹಾಕಿಕೊಂಡೆ, ಬಿಸಿ ಬಟ್ಟೆ ಇಟ್ಟುಕೊಂಡೆ. ಅದರ ಜೊತೆಗೆ ಸೂಜಿಗೆ ಸಣ್ಣ ಕರೆಂಟ್ ಕೊಡುವ ಎಲೆಕ್ಟ್ರೋ ಅಕ್ಯುಪಂಕ್ಚರ್ ಕೂಡ ಮಾಡಿಸಿಕೊಂಡೆ. ಬೆಳಗ್ಗೆ ಪಾರ್ಕಿನಲ್ಲಿ, ಲ್ಯಾಬಿನ ಮುಂದೆ ರಕ್ತ ಕೊಡಲು ಕ್ಯೂ ನಿಂತಾಗ, "ಅಕ್ಕ, ಆ ಕರೆಂಟ್ ಸೂಜಿ ಮಾಡಿಸ್ಕೊಂಡ್ರಂತೆ, ಹೇಗಿದೆ?" ಅಂತ ಈಗಲೂ ಕೇಳುತ್ತಾರೆ. ಎಲ್ಲರಿಗೂ ನಿಂತಲ್ಲೇ ಪೂರ್ತಿ ಹೇಳಲು ಆಗುವುದಿಲ್ಲ. ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ, ಮೈಮೇಲೆ ಮಾಡಿಸಿಕೊಂಡು ತಿಳಿದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಶುಗರ್ ಕಣ್ಣಿಗೆ ಏನು ಮಾಡುತ್ತದೆ

ಕಣ್ಣೀರು ಅಂದರೆ ಬರೀ ನೀರಲ್ಲ. ಅದರಲ್ಲಿ ಎಣ್ಣೆ ಇದೆ, ನೀರಿದೆ, ಲೋಳೆ ಇದೆ. ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳು ಎಣ್ಣೆ ಕೊಡುತ್ತವೆ. ಹುಬ್ಬಿನ ಹೊರತುದಿಯ ಕೆಳಗಿರುವ ಗ್ರಂಥಿ ನೀರು ಕೊಡುತ್ತದೆ. ಲೋಳೆ ಈ ಎರಡನ್ನೂ ಕಣ್ಣಿನ ಮೇಲೆ ಅಂಟಿಸಿ ಹಿಡಿಯುತ್ತದೆ. ಮೂರರಲ್ಲಿ ಒಂದು ಕೆಟ್ಟರೂ ಕಣ್ಣಿನ ಮೇಲಿನ ತೆಳು ಪದರ ಒಡೆಯುತ್ತದೆ. ಆಗ ಕಣ್ಣು ಗಾಬರಿಯಾಗಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕಣ್ಣಲ್ಲಿ ನಿಲ್ಲುವುದಿಲ್ಲ, ಕೆನ್ನೆ ಮೇಲೆ ಹರಿದು ಹೋಗುತ್ತದೆ. ಬಸ್ಸಿನಲ್ಲಿ ನನಗೆ ಆಗುತ್ತಿದ್ದುದು ಇದೇ.

ಶುಗರ್ ಇರುವವರ ಕಥೆ ಇನ್ನೂ ಸ್ವಲ್ಪ ಬೇರೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಸಣ್ಣ ಸಣ್ಣ ನರಗಳು ಸೊರಗುತ್ತವೆ. ಪಾದ ಜುಮ್ಮೆನ್ನುವುದು, ಮರಗಟ್ಟುವುದು ನಮಗೆಲ್ಲ ಗೊತ್ತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಾರ್ನಿಯಾ, ಮೈಯಲ್ಲೇ ಅತಿ ಹೆಚ್ಚು ನರ ಇರುವ ಜಾಗಗಳಲ್ಲಿ ಒಂದು. ಅಲ್ಲಿಯ ನರಗಳೂ ಹಾಗೆಯೇ ಸೊರಗುತ್ತವೆ. "ಒಣಗಿದೆ, ನೀರು ಕಳಿಸು" ಅಂತ ಮಿದುಳಿಗೆ ಹೇಳುವುದು ಆ ನರಗಳೇ. ಅವು ಮಂಕಾದರೆ ನೀರು ಕಮ್ಮಿ ಬರುತ್ತದೆ, ರೆಪ್ಪೆ ಬಡಿಯುವುದು ಕಮ್ಮಿ ಆಗುತ್ತದೆ, ಉರಿ ಕೂಡ ಕಮ್ಮಿ ಗೊತ್ತಾಗುತ್ತದೆ.

ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ನಮ್ಮ ಕಣ್ಣು ಎಷ್ಟು ಕೆಟ್ಟಿದೆಯೋ ಅಷ್ಟು ದೂರು ಹೇಳುವುದಿಲ್ಲ. ಉರಿ ಕಮ್ಮಿ ಆಯಿತು ಅಂದರೆ ವಾಸಿ ಆಗಿರಬಹುದು, ನರ ಇನ್ನಷ್ಟು ಮಂಕಾಗಿರಲೂಬಹುದು. ಅದಕ್ಕೆ ಯಾವ ಚಿಕಿತ್ಸೆಗೇ ಹೋಗಿ, "ಹೇಗನ್ನಿಸುತ್ತಿದೆ" ಅನ್ನುವುದರ ಮೇಲೆ ತೀರ್ಮಾನ ಮಾಡಬೇಡಿ. ಅಳತೆ ಮಾಡಿಸಿ.

ಮೊದಲ ಹೆಜ್ಜೆ: ಅಳತೆ

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎರಡು ಕೆಲಸ ಮಾಡಿಸಿ: ಒಣಗಣ್ಣಿನ ಪರೀಕ್ಷೆ, ಕಣ್ಣಿನ ಹಿಂಭಾಗದ ಪದರವಾದ ರೆಟಿನಾ ಪರೀಕ್ಷೆ. ಬೆಂಗಳೂರಿನಲ್ಲಿ ಇದಕ್ಕೆ ಅಲೆಯಬೇಕಾಗಿಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗಿ ಇಳಿದರೆ ನಡೆದು ಹೋಗಬಹುದು. ಖಾಸಗಿ ಕಣ್ಣಾಸ್ಪತ್ರೆಗಳು ಪ್ರತಿ ಬಡಾವಣೆಯಲ್ಲೂ ಇವೆ.

ಒಣಗಣ್ಣಿಗೆ ಮಾಡುವ ಪರೀಕ್ಷೆಗಳಲ್ಲಿ ಶಿರ್ಮರ್ ಅನ್ನುವುದು ಬಹಳ ಸರಳ. ಸಣ್ಣ ಫಿಲ್ಟರ್ ಕಾಗದದ ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಯೊಳಗೆ ಸಿಕ್ಕಿಸುತ್ತಾರೆ. 5 ನಿಮಿಷ ಬಿಟ್ಟು ಎಷ್ಟು ಮಿಲಿಮೀಟರ್ ಒದ್ದೆಯಾಗಿದೆ ಅಂತ ನೋಡುತ್ತಾರೆ. ಮರಗಟ್ಟುವ ಡ್ರಾಪ್ಸ್ ಹಾಕದೆ ಮಾಡಿದಾಗ 10 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ನೀರು ಸಾಲದು ಅಂತ. 5ಕ್ಕಿಂತ ಕಮ್ಮಿ ಅಂದರೆ ಚೆನ್ನಾಗಿಯೇ ಒಣಗಿದೆ. ಮರಗಟ್ಟಿಸಿ ಮಾಡಿದರೆ ಅಂಕೆ ಇನ್ನೂ ಕಮ್ಮಿ ಬರುತ್ತದೆ. ಅದಕ್ಕೆ ಯಾವ ರೀತಿ ಮಾಡಿದರು ಅಂತ ಕೇಳಿ ಬರೆದುಕೊಳ್ಳಿ. ನನಗೆ ಬಲಗಣ್ಣು 6, ಎಡಗಣ್ಣು 8 ಬಂದಿತ್ತು.

ಇನ್ನೊಂದು ಪರೀಕ್ಷೆಯಲ್ಲಿ ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ರೆಪ್ಪೆ ಬಡಿದ ಮೇಲೆ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ಎಣಿಸುತ್ತಾರೆ. 10 ಸೆಕೆಂಡಿಗಿಂತ ಬೇಗ ಒಡೆದರೆ ಸರಿಯಿಲ್ಲ. ಅದೇ ಬಣ್ಣದಲ್ಲಿ ಕಾರ್ನಿಯಾ ಮೇಲೆ ತರಚು ಗಾಯ ಇದ್ದರೂ ಕಾಣುತ್ತದೆ. ಹತ್ತಿಯ ಎಳೆ ಮುಟ್ಟಿಸಿ ಸ್ಪರ್ಶ ಎಷ್ಟಿದೆ ಅಂತ ನೋಡುವುದೂ ಉಂಟು. ಸುಮಾರು ಜನ ಇದನ್ನು ಕೇಳುವುದೇ ಇಲ್ಲ. ಶುಗರ್ ಇರುವವರು ಬಾಯಿಬಿಟ್ಟು ಕೇಳಿ.

ರೆಟಿನಾ ಪರೀಕ್ಷೆಗೆ ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡುತ್ತಾರೆ. ಕೆಲವು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಸ್ಕೂಟರ್‌ನಲ್ಲಿ ಹೋಗಬೇಡಿ, ಜೊತೆಗೆ ಯಾರಾದರೂ ಇರಲಿ, ತಂಪು ಕನ್ನಡಕ ಚೀಲದಲ್ಲಿರಲಿ. ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿವೆ, ರಕ್ತ ಸೋರುತ್ತಿದೆ ಅಂತ ಡಾಕ್ಟರು ಹೇಳಿದರೆ ಮೊದಲು ಅದರ ಚಿಕಿತ್ಸೆ. ದೃಷ್ಟಿ ಹೋಗುವುದು ಅಲ್ಲಿಂದ. ಸೂಜಿಯ ಮಾತು ಆಮೇಲೆ.

ಎಲ್ಲ ಅಂಕೆಗಳನ್ನೂ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅಂಕೆಯನ್ನೂ ಪಕ್ಕದಲ್ಲಿ ಬರೆಯಿರಿ.

ಎರಡನೆಯದು: ಮನೆಯಲ್ಲಿ ಒಂದು ತಿಂಗಳು

ಸೂಜಿಗೆ ದುಡ್ಡು ಹಾಕುವ ಮುಂಚೆ ಮನೆಯ ಕೆಲಸ ನೆಟ್ಟಗೆ ಮಾಡಿ. ಶುಗರ್ ಹಿಡಿತಕ್ಕೆ ತರುವುದು ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ. ಅದನ್ನು ನಿಮ್ಮ ಶುಗರ್ ಡಾಕ್ಟರ ಜೊತೆ ಕೂತು ಮಾಡಿ.

ಕಣ್ಣೀರಿನ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹೈಲುರೊನೇಟ್ ಇರುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಡ್ರಾಪ್ಸ್ ಕೆಡದಿರಲಿ ಅಂತ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಮೊದಲೇ ಸೊರಗಿದ ಕಣ್ಣಿಗೆ ಇನ್ನಷ್ಟು ಪೆಟ್ಟು. ಮೆಡಿಕಲ್ ಶಾಪ್‌ನಲ್ಲಿ "ಕಣ್ಣು ಕೆಂಪಾಗಿದೆ" ಅಂತ ಹೇಳಿ ಸ್ಟಿರಾಯ್ಡ್ ಡ್ರಾಪ್ಸ್ ತಂದು ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಕೈ ಮುಗಿದು ಹೇಳುತ್ತೇನೆ, ಅದು ಬೇಡ. ಕಣ್ಣಿನ ಒಳಗಿನ ಒತ್ತಡ ಸದ್ದಿಲ್ಲದೆ ಏರಿ ನರ ಹಾಳಾಗಬಹುದು.

ರೆಪ್ಪೆಯ ಎಣ್ಣೆ ಗ್ರಂಥಿಗಳಿಗೆ ಬಿಸಿ ಬಟ್ಟೆ ಒಳ್ಳೆಯದು. ದಿನಕ್ಕೆ ಒಂದೆರಡು ಸಲ, ಐದರಿಂದ ಹತ್ತು ನಿಮಿಷ. ಶುದ್ಧವಾದ ಬಟ್ಟೆ, ಬಿಸಿ ನೀರು, ಚೆನ್ನಾಗಿ ಹಿಂಡಿ. ಆದರೆ ಬೆರಳು ಮರಗಟ್ಟಿದ್ದರೆ ಬಿಸಿ ಎಷ್ಟಿದೆ ಅಂತ ನಿಮಗೆ ತಿಳಿಯದೆ ಹೋಗಬಹುದು. ಮನೆಯಲ್ಲಿ ಬೇರೆಯವರು ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ ಕೊಡಲಿ. ನಮ್ಮ ಮನೆಯಲ್ಲಿ ಈ ಕೆಲಸ ನನ್ನ ಯಜಮಾನರದ್ದು.

ಇನ್ನೊಂದು ಮಾತು. ಪಾದದ ಉರಿಗೆ ಅಂತ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿಗೆ ನುಂಗುವ ಸಿಟ್ರಿಜಿನ್ ತರಹದ ಮಾತ್ರೆ, ಇವು ಕಣ್ಣನ್ನು ಒಣಗಿಸಬಹುದು. ನೀವೇ ನಿಲ್ಲಿಸಬೇಡಿ. ಚೀಟಿ ಬರೆದವರಿಗೆ "ನನಗೆ ಕಣ್ಣು ಒಣಗುತ್ತಿದೆ" ಅಂತ ಹೇಳಿ, ಬದಲಿ ಇದೆಯಾ ಅಂತ ಕೇಳಿ. ಹಾಗೆಯೇ ಆಫೀಸಿನಲ್ಲಿ ಎಸಿ ಗಾಳಿ ನೇರ ಮುಖಕ್ಕೆ ಹೊಡೆಯುತ್ತಿದ್ದರೆ ಕುರ್ಚಿ ಬದಲಿಸಿ. ರಾತ್ರಿ ಫ್ಯಾನ್ ಗಾಳಿಯೂ ಅಷ್ಟೇ.

ಎಲೆಕ್ಟ್ರೋ ಅಕ್ಯುಪಂಕ್ಚರ್ ಅಂದರೆ ಏನು, ಎಷ್ಟು ನಂಬಬಹುದು

ಕೂದಲಿನಷ್ಟು ಸಣ್ಣ ಸೂಜಿಗಳನ್ನು ಚರ್ಮಕ್ಕೆ ಚುಚ್ಚಿ, ಎರಡೆರಡಕ್ಕೆ ವೈರ್ ಕ್ಲಿಪ್ ಹಾಕಿ, ಬ್ಯಾಟರಿ ಯಂತ್ರದಿಂದ ಬಹಳ ಸಣ್ಣ ಕರೆಂಟ್ ಮಿಡಿತ ಕೊಡುವುದು. ಸೂಜಿ ಚಿಕಿತ್ಸೆ ಚೀನಾದಲ್ಲಿ ಸಾವಿರಾರು ವರ್ಷ ಹಳೆಯದು. ಕರೆಂಟ್ ಸೇರಿಸುವುದು ಅಲ್ಲಿ ಜೋರಾಗಿ ಹಬ್ಬಿದ್ದು 1950ರ ದಶಕದಿಂದ ಈಚೆಗೆ.

ಕಣ್ಣಿಗೆ ಬಳಸುವ ಬಿಂದುಗಳಲ್ಲಿ ಮುಖ್ಯವಾದವು ಹುಬ್ಬಿನ ಒಳತುದಿಯಲ್ಲಿರುವ ತ್ಸ್ವಾನ್‌ಝು ಮತ್ತು ಕಣತಲೆಯ (ಕಣ್ಣಿನ ಹೊರತುದಿಗೂ ಕಿವಿಗೂ ನಡುವಿನ ಜಾಗ) ಕುಳಿಯಲ್ಲಿರುವ ತಾಯ್‌ಯಾಂಗ್. ಹೆಬ್ಬೆರಳು ತೋರುಬೆರಳ ನಡುವೆ, ಮೊಣಕಾಲ ಕೆಳಗೆ, ಕಾಲಿನ ಒಳಗೆಣ್ಣಿನ ಮೇಲೆ ಕೂಡ ಚುಚ್ಚುವುದುಂಟು. ಹುಬ್ಬು, ಕಣತಲೆಯ ಸುತ್ತ ಇರುವ, ಮುಖದ ಸ್ಪರ್ಶ ತಿಳಿಸುವ ನರದ ಕವಲುಗಳು ಕಣ್ಣೀರಿನ ಗ್ರಂಥಿಗೆ ಹೋಗುವ ನರಗಳ ಜೊತೆ ಮಿದುಳಿನಲ್ಲಿ ಕೂಡಿಕೊಂಡಿವೆ. ಅಲ್ಲಿ ಮಿಡಿತ ಕೊಟ್ಟರೆ ಗ್ರಂಥಿ ಎಚ್ಚರವಾಗುತ್ತದೆ, ಊತ ಇಳಿಯುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಇದು ಊಹೆ. ಮನುಷ್ಯರಲ್ಲಿ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ.

ಕೊರಿಯಾದಲ್ಲಿ ಒಣಗಣ್ಣಿನ 150 ಜನರ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಬಂತು. ಒಂದು ಗುಂಪಿಗೆ ನಾಲ್ಕು ವಾರ ಸೂಜಿ, ಇನ್ನೊಂದಕ್ಕೆ ಕಣ್ಣೀರಿನ ಡ್ರಾಪ್ಸ್. ಚಿಕಿತ್ಸೆ ಮುಗಿದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಮತ್ತೆ ಎಂಟು ವಾರ ಕಳೆದ ಮೇಲೆ ಸೂಜಿ ಗುಂಪಿನವರ ತೊಂದರೆ ಕಮ್ಮಿ ಇತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅಲ್ಲಿ ಹೋಲಿಸಿ ನೋಡಲು ಸುಳ್ಳು ಸೂಜಿಯ (ಚಿಕಿತ್ಸೆ ಕೊಟ್ಟ ಹಾಗೆ ನಟಿಸುವ) ಗುಂಪು ಇರಲಿಲ್ಲ. ಚಿಕಿತ್ಸೆ ತೆಗೆದುಕೊಂಡವರಿಗೆ ತಮಗೆ ಸಿಗುತ್ತಿರುವುದು ಯಾವುದು ಅಂತ ಗೊತ್ತಿತ್ತು. ಅದು ಶುಗರ್‌ನವರಿಗೆ ಅಂತಲೇ ಮಾಡಿದ್ದೂ ಅಲ್ಲ. ಶುಗರ್‌ನಿಂದ ಬಂದ ಒಣಗಣ್ಣಿಗೆ ಕರೆಂಟ್ ಸೂಜಿ ಅಂತ ನೋಡಿದ ಕೆಲಸ ಹೆಚ್ಚಾಗಿ ಚೀನಾದಲ್ಲಿ, ಪ್ರಾಣಿಗಳ ಮೇಲೆ ಅಥವಾ ಸಣ್ಣ ಗುಂಪುಗಳಲ್ಲಿ ನಡೆದಿದೆ. ನನ್ನ ಅಭಿಪ್ರಾಯ ಹೇಳಬೇಕಾದರೆ, ಇದು ಡ್ರಾಪ್ಸ್ ಜೊತೆಗೆ ಸೇರಿಸಿ ನೋಡಬಹುದಾದ ಚಿಕಿತ್ಸೆ. ಡ್ರಾಪ್ಸ್ ಬಿಟ್ಟು ಹೋಗುವಂಥದ್ದಲ್ಲ.

ಯಾರಿಗೆ ಬೇಡ

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಅಂಥ ಯಂತ್ರ ಇದ್ದವರಿಗೆ ಕರೆಂಟ್ ಸೂಜಿ ಬೇಡ. ಗರ್ಭಿಣಿಯರಿಗೆ, ಫಿಟ್ಸ್ ಇರುವವರಿಗೂ ಬೇಡ. ಸಕ್ಕರೆ ಸೆನ್ಸರ್ ಅಥವಾ ಇನ್ಸುಲಿನ್ ಪಂಪ್ ಹಾಕಿಕೊಂಡವರು ಮೊದಲು ಶುಗರ್ ಡಾಕ್ಟರನ್ನು ಕೇಳಬೇಕು. ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ತರಹ ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ಕಣ್ಣಿನ ಸುತ್ತ ಬೇಗ ಕಂದುತ್ತದೆ, ಅವರೂ ಡಾಕ್ಟರನ್ನು ಕೇಳದೆ ಮುಂದೆ ಹೋಗಬಾರದು. ಈಚೆಗೆ ಪೊರೆ ಆಪರೇಷನ್ ಅಥವಾ ಲೇಸರ್ ಆಗಿದ್ದರೆ ಕಣ್ಣಿನ ಡಾಕ್ಟರು ಸರಿ ಅನ್ನುವವರೆಗೆ ಕಾಯಿರಿ.

ಪಾದ ಮರಗಟ್ಟಿದವರು ಪಾದಕ್ಕೆ, ಗೆಣ್ಣಿನ ಹತ್ತಿರಕ್ಕೆ ಸೂಜಿ ಬೇಡ ಅಂತ ಖಡಾಖಂಡಿತ ಹೇಳಿ. ಚುಚ್ಚಿದ್ದು ಗೊತ್ತಾಗದು, ಕೀವಾದದ್ದೂ ಗೊತ್ತಾಗದು. ಒಂದು ಸಣ್ಣ ಗಾಯ ಶುಗರ್ ಪಾದದಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಮ್ಮ ಮನೆಗಳಲ್ಲೇ ನೋಡಿದ್ದೇವೆ.

ಮಾಡುವವರನ್ನು ಆರಿಸುವುದು

ನಮ್ಮಲ್ಲಿ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿ ಇದೆ. ಅದರಲ್ಲಿ ಅಕ್ಯುಪಂಕ್ಚರ್ ಪಾಠವೂ ಇದೆ. ಎಂಬಿಬಿಎಸ್ ಮಾಡಿ ಆಮೇಲೆ ಇದನ್ನು ಕಲಿತವರೂ ಬೆಂಗಳೂರಿನಲ್ಲಿದ್ದಾರೆ. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಹಾಗಾಗಿ ಯಾವ ಪದವಿ, ಯಾವ ನೋಂದಣಿ ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಕಣ್ಣು ಕೊಡಬೇಡಿ.

ಇನ್ನು ಮೂರು ಪ್ರಶ್ನೆ. ಸೂಜಿ ಒಂದೇ ಸಲ ಬಳಸುವುದಾ, ನನ್ನ ಮುಂದೆಯೇ ಪೊಟ್ಟಣ ಬಿಚ್ಚುತ್ತೀರಾ? ಕಣ್ಣಿನ ಸುತ್ತ ಎಷ್ಟು ಜನರಿಗೆ ಮಾಡಿದ್ದೀರಿ? ಕಣ್ಣುಗೂಡಿನೊಳಗೆ ಆಳವಾಗಿ ಚುಚ್ಚುತ್ತೀರಾ? ಕೊನೆಯದಕ್ಕೆ ಹೌದು ಅಂದರೆ ಎದ್ದು ಬನ್ನಿ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ ಜಿಂಗ್‌ಮಿಂಗ್ ಅನ್ನುವ ಬಿಂದು ಇದೆ. ಅಲ್ಲಿ ಆಳಕ್ಕೆ ಹೋದರೆ ಕಣ್ಣಿನ ಹಿಂದೆ ರಕ್ತ ಸೋರುವ ಅಪಾಯ ಇದೆ. ನನಗೆ ಮಾಡಿದವರು ಆ ಬಿಂದುವನ್ನು ಮುಟ್ಟಲೇ ಇಲ್ಲ. ಹುಬ್ಬು, ಕಣತಲೆಗೆ ಮಾತ್ರ ಕರೆಂಟ್ ಕೊಟ್ಟರು.

ನಾನು ಮೊದಲು ಹೋದ ಜಾಗ ಬೇರೆ. ಅಲ್ಲಿ ನನ್ನ ರಿಪೋರ್ಟ್ ನೋಡುವ ಮುಂಚೆಯೇ ಇಪ್ಪತ್ತೊಂದು ಸಿಟ್ಟಿಂಗಿನ ಪ್ಯಾಕೇಜ್ ಹೇಳಿದರು. "ಶುಗರ್ ಮಾತ್ರೆ ಮೆಲ್ಲಗೆ ಬಿಟ್ಟುಬಿಡಿ, ಸೂಜಿಯಲ್ಲೇ ಹೋಗುತ್ತೆ" ಅಂದರು. ನನ್ನ ಎಚ್‌ಬಿಎ1ಸಿ ಆಗ 8.9. ಮನೆಗೆ ಬಂದು ಅತ್ತು ಬಿಟ್ಟೆ, ಏಕೆಂದರೆ ಒಂದು ಕ್ಷಣ ನಂಬಬೇಕು ಅನ್ನಿಸಿತ್ತು. ಯಾರೇ ಮಾತ್ರೆ, ಇನ್ಸುಲಿನ್ ಬಿಡಿ ಅಂದರೆ ಅಲ್ಲಿಂದ ಹೊರಡಿ. ಮೊದಲ ಸಲಕ್ಕೇ ಪೂರ್ತಿ ದುಡ್ಡು ಕಟ್ಟಬೇಡಿ. ಒಂದೊಂದು ಸಿಟ್ಟಿಂಗಿಗೆ ಕೊಡುತ್ತೇನೆ ಅನ್ನಿ.

ಚಿಕಿತ್ಸೆಯ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಯಾವಾಗಿನ ಹಾಗೆ ತಿಂಡಿ ತಿಂದು, ಮಾತ್ರೆ ನುಂಗಿ, ಒಂದೆರಡು ಗಂಟೆ ಬಿಟ್ಟು ಹೋಗಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಸೂಜಿಗೆ ಮಲಗುವ ಮುಂಚೆ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಅವತ್ತು ಸೂಜಿ ಬೇಡ. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಸೂಜಿಯಿಂದ ತಲೆ ಸುತ್ತುವುದೂ ಸಕ್ಕರೆ ಇಳಿದು ತಲೆ ಸುತ್ತುವುದೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಅದಕ್ಕೆ ನಿಮಗೆ ಶುಗರ್ ಇದೆ ಅಂತ ಪ್ರತಿ ಸಲವೂ ಹೇಳಿ. ಗ್ಲುಕೋಸ್ ಪುಡಿ ಚೀಲದಲ್ಲಿರಲಿ.

ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಹೋಗಿ. ಕೂತು ಮಾಡಿಸಿಕೊಳ್ಳಬೇಡಿ, ಮಲಗಿ. ಚರ್ಮಕ್ಕೆ ಸ್ಪಿರಿಟ್ ಒರೆಸುವಾಗ ಕಣ್ಣು ಮುಚ್ಚಿರಿ, ಆವಿ ತಗುಲಿದರೂ ಉರಿಯುತ್ತದೆ.

ಸೂಜಿ ಹೋಗುವಾಗ ಇರುವೆ ಕಚ್ಚಿದ ಹಾಗೆ ಆಗುತ್ತದೆ. ಆಮೇಲೆ ಭಾರ, ಜುಮ್ಮು. ಕರೆಂಟ್ ಶುರುವಾದಾಗ ಹುಬ್ಬಿನ ಹತ್ತಿರ ಯಾರೋ ಬೆರಳ ತುದಿಯಿಂದ ಟಕ್ ಟಕ್ ಅಂತ ತಟ್ಟಿದ ಹಾಗೆ. ಸೆಕೆಂಡಿಗೆ ಎರಡು ಮಿಡಿತದಿಂದ ಶುರುಮಾಡುವುದು ಸಾಮಾನ್ಯ. ಹುಬ್ಬು ಅದುರಿದರೂ ಪರವಾಗಿಲ್ಲ, ನೋಯಬಾರದು. "ಸ್ವಲ್ಪ ಜಾಸ್ತಿ ಮಾಡ್ತೀನಿ, ಜಾಸ್ತಿ ಆದಷ್ಟು ಬೇಗ ಗುಣ" ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಶುಗರ್ ಇರುವವರಿಗೆ ಸ್ಪರ್ಶ ಮಂಕಾಗಿರಬಹುದು. ನಮಗೆ ಹಿತ ಅನ್ನಿಸಿದ್ದೇ ಚರ್ಮಕ್ಕೆ ಜಾಸ್ತಿ ಆಗಿರಬಹುದು. ಎಡಗೈಗೊಂದು ಬಲಗೈಗೊಂದು ಕ್ಲಿಪ್ ಹಾಕಿ ಎದೆ ದಾಟಿ ಕರೆಂಟ್ ಹರಿಯುವಂತೆ ಮಾಡಬಾರದು, ಅದನ್ನೂ ಗಮನಿಸಿ. ಒಂದು ಸಿಟ್ಟಿಂಗ್ ಇಪ್ಪತ್ತರಿಂದ ಮೂವತ್ತು ನಿಮಿಷ.

ಸೂಜಿ ತೆಗೆದ ಮೇಲೆ ಹತ್ತಿಯಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಲಿ. ಸೂಜಿಗಳನ್ನು ಎಣಿಸಿ ಹಾಕಿದಷ್ಟೂ ತೆಗೆದರಾ ಅಂತ ಕೇಳಿ. ಹತ್ತು ನಿಮಿಷ ಕೂತಿದ್ದು, ನೀರು ಕುಡಿದು, ಆಮೇಲೆ ಹೊರಡಿ. ಎರಡನೇ ಸಲ ನನಗೆ ಹುಬ್ಬಿನ ಹತ್ತಿರ ನೇರಳೆ ಬಣ್ಣಕ್ಕೆ ಕಂದಿತ್ತು, ಐದು ದಿನಕ್ಕೆ ಹೋಯಿತು.

ನಿಲ್ಲಿಸಬೇಕಾ, ಮುಂದುವರಿಸಬೇಕಾ

ವಾರಕ್ಕೆ ಎರಡರಿಂದ ಮೂರು ಸಲ, ನಾಲ್ಕು ವಾರ. ಅಷ್ಟಕ್ಕೆ ನಿಲ್ಲಿಸಿ ಮತ್ತೆ ಅದೇ ಕಣ್ಣಿನ ಡಾಕ್ಟರ ಹತ್ತಿರ, ಅದೇ ಪರೀಕ್ಷೆ, ಅದೇ ರೀತಿಯಲ್ಲಿ. ಡ್ರಾಪ್ಸ್ ಹಾಕಿದ ತಕ್ಷಣ ಶಿರ್ಮರ್ ಮಾಡಿಸಬೇಡಿ, ಅಂಕೆ ಸುಳ್ಳು ಹೇಳುತ್ತದೆ. ನೋಟ್‌ಬುಕ್ ತೆಗೆದು ಹಳೆಯದರ ಪಕ್ಕ ಹೊಸದು ಬರೆಯಿರಿ.

ಹತ್ತು ಸಿಟ್ಟಿಂಗ್ ಆದ ಮೇಲೆ ನನಗೆ ಬಲಗಣ್ಣು 9, ಎಡಗಣ್ಣು 10 ಬಂತು. ಹಳದಿ ಬಣ್ಣ ಹಾಕಿದಾಗ ಕಾರ್ನಿಯಾ ಮೇಲೆ ಕಾಣುತ್ತಿದ್ದ ಚುಕ್ಕೆಗಳು ಕಮ್ಮಿ ಆಗಿದ್ದವು. ಸೂಜಿಯಿಂದಲೇ ಅಂತ ನಾನು ಹೇಳಲಾರೆ. ಅದೇ ಹೊತ್ತಿಗೆ ಎಚ್‌ಬಿಎ1ಸಿ 7.6ಕ್ಕೆ ಇಳಿದಿತ್ತು, ಡ್ರಾಪ್ಸ್ ತಪ್ಪಿಸಿರಲಿಲ್ಲ, ಬಿಸಿ ಬಟ್ಟೆಯೂ ದಿನಾ ನಡೆದಿತ್ತು. ಈ ಪರೀಕ್ಷೆಯ ಅಂಕೆ ದಿನದಿಂದ ದಿನಕ್ಕೆ ಒಂದಿಷ್ಟು ಏರುಪೇರಾಗುವುದೂ ನಿಜ. ನಾನು ಇನ್ನೂ ನಾಲ್ಕು ಸಲ ಮಾಡಿಸಿಕೊಂಡು ನಿಲ್ಲಿಸಿದೆ. ನಿಮ್ಮ ಅಂಕೆ ನಾಲ್ಕು ವಾರದಲ್ಲಿ ಒಂದಿಂಚೂ ಕದಲದಿದ್ದರೆ ಅಲ್ಲಿಗೆ ಬಿಡಿ. ಆ ದುಡ್ಡು ಒಳ್ಳೆಯ ಡ್ರಾಪ್ಸ್‌ಗೆ, ಶುಗರ್ ನೋಡುವ ಪಟ್ಟಿಗಳಿಗೆ ಆಗುತ್ತದೆ. ಸೈಕ್ಲೋಸ್ಪೊರಿನ್ ಡ್ರಾಪ್ಸ್, ಕಣ್ಣೀರು ಹೊರಹೋಗುವ ರಂಧ್ರಕ್ಕೆ ಇಡುವ ಸಣ್ಣ ಬಿರಡೆ, ಹೀಗೆ ಬೇರೆ ದಾರಿಗಳೂ ಇವೆ, ಡಾಕ್ಟರನ್ನು ಕೇಳಿ.

ಈ ನಡುವೆ ಯಾವತ್ತಾದರೂ ಕಣ್ಣು ಒಮ್ಮೆಲೇ ಮಂಜಾದರೆ, ಕಪ್ಪು ಚುಕ್ಕೆಗಳು ತೇಲಿ ಬಂದರೆ, ಮಿಂಚು ಹೊಡೆದ ಹಾಗಾದರೆ, ಕಣ್ಣು ಮುಂದಕ್ಕೆ ಉಬ್ಬಿದರೆ, ಕೆಂಪಾಗಿ ಕೀವು ಕಂಡರೆ, ಕರಿಗುಡ್ಡೆ ಮೇಲೆ ಬಿಳಿ ಮಚ್ಚೆ ಕಂಡರೆ, ನೋವಿಲ್ಲವಲ್ಲ ಅಂತ ಸುಮ್ನೆ ಕೂರಬೇಡಿ. ನಾಳೆ ಸಿಟ್ಟಿಂಗ್ ಇದೆ, ಅವರನ್ನೇ ಕೇಳೋಣ ಅಂತಲೂ ಕಾಯಬೇಡಿ. ಅವತ್ತೇ, ರಾತ್ರಿಯಾದರೆ ಎಮರ್ಜೆನ್ಸಿ ಇರುವ ಕಣ್ಣಾಸ್ಪತ್ರೆಗೆ ಆಟೋ ಹಿಡಿದು ಹೋಗಿ. ಆ ನೋಟ್‌ಬುಕ್ ಜೊತೆಗೆ ಇರಲಿ.